ಕಣ್ತೆರೆದ ಕರ್ನಲ್ ನಡೆಸುವ ವಿಚಾರಣೆ

ಗಣಕಯಂತ್ರದ ಗುಂಡಿಯನ್ನು ಒತ್ತಿದ ಕ್ಷಣದಿಂದ ಪರದೆಯ ಮೇಲೆ ನಮ್ಮ ಹೆಸರನ್ನು ಕೇಳುವ ಚೌಕ ಮೂಡುವವರೆಗಿನ ಕೆಲವು ಸೆಕೆಂಡುಗಳನ್ನು ನಾವು ಬರಿಯ ಕಾಯುವ ಹೊತ್ತೆಂದು ಬಗೆಯುತ್ತೇವೆ. ಆದರೆ ಆ ಅಲ್ಪಾವಧಿಯಲ್ಲೇ, ತನ್ನ ಸುತ್ತ ಏನೇನಿದೆ ಎಂಬುದನ್ನೂ ಸರಿಯಾಗಿ ಅರಿಯದೆ ಕಣ್ತೆರೆದ ಒಂದು ತಂತ್ರಾಂಶವು ಸಾಧನಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿ, ಗುರುತುಹಿಡಿದು, ಕೆಲಸಕ್ಕೆ ಅಣಿಗೊಳಿಸಿರುತ್ತದೆ. ಕಾರ್ಯಾಚರಣಾ ವ್ಯವಸ್ಥೆಯ ಗರ್ಭದಲ್ಲಿರುವ ಈ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ತನ್ನ ಸ್ವಂತ ಗಣಕಕ್ಕೆಂದು ಬರೆಯತೊಡಗಿದ ಲಿನಕ್ಸ್ ಕರ್ನಲ್ಲನ್ನೇ ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳೋಣ.

ಫರ್ಮ್‌ವೇರ್ ಮೊದಲು ಎದ್ದು, ಬೂಟ್‌ಲೋಡರನ್ನು ಕರೆದು, ಅದು ಸಂಕುಚಿತ ರೂಪದ ಕರ್ನಲ್ಲನ್ನು ಮೆಮರಿಗೆ ತಂದಿಳಿಸುವ ಪೂರ್ವರಂಗವು ಬೇಗ ಮುಗಿಯತಕ್ಕದ್ದು. ಅಧಿಕಾರ ಕೈಗೆ ಬಂದೊಡನೆ ಕರ್ನಲ್ ತನ್ನ ಮನೆಯನ್ನು ತಾನು ನೇರ್ಪುಗೊಳಿಸಿಕೊಳ್ಳುತ್ತದೆ: ಮೆಮರಿಯ ವಿಸ್ತಾರವೆಷ್ಟು, ಕಾಲಗಣನೆಗೆ ಆಧಾರವೇನು, ಸಾಧನಗಳು ಗಮನ ಸೆಳೆಯಲು ಕಳುಹಿಸುವ ಇಂಟರಪ್ಟ್ ಸಂಕೇತಗಳನ್ನು ಯಾರು ಸ್ವೀಕರಿಸಬೇಕು ಎಂಬಿಷ್ಟು ನಿಶ್ಚಯವಾಗದೆ ಸಾಧನಗಳ ಮಾತೆತ್ತುವಂತಿಲ್ಲ.

ಅನಂತರ ವಿಚಾರಣೆಯ ಪರ್ವ. ಹೊಸದಾಗಿ ತಾಲ್ಲೂಕಿಗೆ ಬಂದ ಅಮಲ್ದಾರನೊಬ್ಬನು ಹಳೆಯ ದಫ್ತರವನ್ನು ನಂಬಿ ಕೂರದೆ ಮನೆಮನೆಯ ಬಾಗಿಲು ತಟ್ಟಿ ಒಳಗಿರುವವರನ್ನು ವಿಚಾರಿಸುವಂತೆ, ಕರ್ನಲ್ ಪಿಸಿಐ ಎಂಬ ಸಂಪರ್ಕಮಾರ್ಗದಲ್ಲಿ, ಅಂದರೆ ಬಸ್ಸಿನಲ್ಲಿ, ಸಂಚರಿಸುತ್ತದೆ. ಒಂದೊಂದು ಬಸ್ಸಿನಲ್ಲೂ 32 ಸಾಧನಗಳಿಗೆ ಸ್ಥಾನವುಂಟು. ಒಂದೊಂದು ಸಾಧನಕ್ಕೂ 8ರವರೆಗೆ ಕಾರ್ಯಭಾಗಗಳಿರಬಹುದು. ಪ್ರತಿ ಸ್ಥಾನದಲ್ಲೂ ಕರ್ನಲ್ ಕೇಳುವ ಮೊದಲ ಪ್ರಶ್ನೆ, ನಿನ್ನನ್ನು ನಿರ್ಮಿಸಿದವರು ಯಾರು ಎಂಬುದು. ಅಲ್ಲಿ ಯಾರೂ ಇಲ್ಲದಿದ್ದರೆ ಓದಿದ 16 ಬಿಟ್‌ಗಳೂ 1 ಆಗಿಯೇ ಬರುತ್ತವೆ. ಆ ಸಂಖ್ಯೆಯನ್ನು ಯಾವ ಸಂಸ್ಥೆಗೂ ಕೊಡದೆ ಉಳಿಸಿರುವುದರಿಂದ, ಸ್ಥಾನವು ಬರಿದೆಂದು ಕರ್ನಲ್ ಮುಂದೆ ಸಾಗುತ್ತದೆ. ಸಾಧನವಿದ್ದರೆ ನಿರ್ಮಾಪಕನ ಸಂಖ್ಯೆ ಸಿಗುತ್ತದೆ. ಇಂಟೆಲ್ ಸಂಸ್ಥೆಯ ಸಂಖ್ಯೆ 8086. ಅದು 1978ರಲ್ಲಿ ಆ ಸಂಸ್ಥೆ ಹೊರತಂದ ಸುಪ್ರಸಿದ್ಧ ಪ್ರೊಸೆಸರಿನ ಹೆಸರೇ ಆಗಿರುವುದನ್ನು ನೋಡಿದರೆ, ಇಂಜಿನಿಯರರಿಗೂ ವಂಶಾಭಿಮಾನ ಇಲ್ಲದಿಲ್ಲವೆನ್ನಬೇಕು.

ಸಾಧನಕ್ಕೆ ಎಷ್ಟು ಸ್ಥಳ ಬೇಕೆಂದು ತಿಳಿಯುವ ಉಪಾಯವು ಇನ್ನೂ ಸ್ವಾರಸ್ಯಕರ. ವಿಳಾಸವನ್ನು ಬರೆದಿಡುವ ಖಾನೆಯಲ್ಲಿ ಕರ್ನಲ್ ಎಲ್ಲ ಬಿಟ್‌ಗಳನ್ನೂ 1 ಆಗಿ ಬರೆದು, ತಕ್ಷಣವೇ ಹಿಂದಿರುಗಿ ಓದುತ್ತದೆ. ಒಂದು ಮೆಗಾಬೈಟ್ ಬೇಕಾದ ಸಾಧನವು, ತುದಿಯ ಗುರುತಿನ ಬಿಟ್‌ಗಳನ್ನು ಬದಿಗಿಟ್ಟರೆ, ಕೆಳಗಿನ 20 ಸ್ಥಾನಗಳಲ್ಲಿ 1 ಅನ್ನು ಉಳಿಯಗೊಡದೆ ಸೊನ್ನೆಯನ್ನೇ ತೋರಿಸುತ್ತದೆ; ಬಾಯಿಬಿಟ್ಟು ಹೇಳದೆಯೇ ತನ್ನ ಅಳತೆಯನ್ನು ಹೀಗೆ ಒಪ್ಪಿಸಿಬಿಡುತ್ತದೆ. ಪಿಸಿಐ ಬರುವುದಕ್ಕೆ ಮುಂಚೆ ಬಳಕೆದಾರನೇ ಕಾರ್ಡಿನ ಮೇಲಿನ ಪುಟ್ಟ ಜಂಪರುಗಳನ್ನು ಉಗುರಿನಿಂದ ಕಿತ್ತು ಕೂಡಿಸಿ ಇದನ್ನೆಲ್ಲ ನಿಗದಿಮಾಡಬೇಕಾಗಿತ್ತು. ಎರಡು ಕಾರ್ಡುಗಳು ಒಂದೇ ಇಂಟರಪ್ಟಿಗೆ ಕೈಚಾಚಿದರೆ ಜಗಳ ತಪ್ಪುತ್ತಿರಲಿಲ್ಲ.

ಗುರುತು ಸಿಕ್ಕ ಮೇಲೆ ಆ ಸಂಖ್ಯೆಯನ್ನು ತನ್ನದೆಂದು ಘೋಷಿಸಿಕೊಂಡಿರುವ ಡ್ರೈವರನ್ನು ಹುಡುಕಿ, ಅದರ ಪ್ರೋಬ್ ಎಂಬ ಭಾಗವನ್ನು ಕರ್ನಲ್ ಕರೆಯುತ್ತದೆ; ಸಾಧನವನ್ನು ಎಬ್ಬಿಸುವ ಹೊಣೆ ಅಲ್ಲಿಂದಾಚೆಗೆ ಡ್ರೈವರಿನದು. ಯುಎಸ್‌ಬಿಯಲ್ಲಿಯೂ ಕ್ರಮವು ಬಹುಮಟ್ಟಿಗೆ ಇದೇ, ಆದರೆ ಅಲ್ಲಿ ಹೊಸದಾಗಿ ಬಂದ ಸಾಧನವು ಮೊದಲು ಸೊನ್ನೆ ಎಂಬ ವಿಳಾಸದಲ್ಲಿ ಓಗೊಟ್ಟು, 1ರಿಂದ 127ರೊಳಗಿನ ಸ್ವಂತ ಸಂಖ್ಯೆಯನ್ನು ಬಳಿಕ ಪಡೆಯುತ್ತದೆ.

ಕೇಳಿದರೂ ಉತ್ತರಿಸಲಾರದ ಮೂಕಸಾಧನಗಳೂ ಇವೆ. ಮೊಬೈಲು ಫೋನುಗಳಲ್ಲಿಯೂ ರಾಸ್ಪ್‌ಬೆರಿ ಪೈಯಂತಹ ಕಿರುಗಣಕಗಳಲ್ಲಿಯೂ ಹಲವು ಚಿಪ್ಪುಗಳು ತಮ್ಮ ಇರವನ್ನು ತಾವೇ ಸಾರುವುದಿಲ್ಲ. ಅಂಥವುಗಳ ವಿವರವನ್ನು ಒಂದೊಂದು ಬೋರ್ಡಿಗೂ ಪ್ರತ್ಯೇಕವಾಗಿ ಕರ್ನಲ್ಲಿನೊಳಗೇ ಬರೆಯುತ್ತಿದ್ದ ಪದ್ಧತಿಯಿಂದ ಗೊಂದಲ ಹೆಚ್ಚಿ, 2011ರಲ್ಲಿ ಟೊರ್ವಾಲ್ಡ್ಸ್ ಬಹಿರಂಗವಾಗಿಯೇ ರೇಗಿದರು. ಆ ಬಳಿಕ ಡಿವೈಸ್ ಟ್ರೀ ಎಂಬ ಪ್ರತ್ಯೇಕ ಪಟ್ಟಿಯನ್ನು ಬೂಟ್‌ಲೋಡರಿನ ಮೂಲಕ ಕರ್ನಲ್ಲಿಗೆ ಒಪ್ಪಿಸುವ ಕ್ರಮವು ಎಆರ್‌ಎಂ ಪ್ರೊಸೆಸರುಗಳ ಲೋಕದಲ್ಲಿ ಬೇರೂರಿತು.

ಎಲ್ಲಕ್ಕಿಂತ ಕಠಿನವಾದದ್ದು ಸರದಿಯ ಪ್ರಶ್ನೆ. ಪರದೆಗೆ ವಿದ್ಯುತ್ತನ್ನು ಒದಗಿಸುವ ಚಿಪ್ಪು ಏಳುವ ಮೊದಲೇ ಪರದೆಯ ಡ್ರೈವರಿಗೆ ಕರೆ ಬಂದರೆ ಅದು ಏನು ಮಾಡಬೇಕು? ಡ್ರೈವರುಗಳ ಆರಂಭವನ್ನು ಹಂತಹಂತವಾಗಿ ವಿಂಗಡಿಸಿದರೂ ಇಂತಹ ಪರಸ್ಪರಾವಲಂಬನಗಳೆಲ್ಲವೂ ಆ ಹಂತಗಳಿಗೆ ಒಗ್ಗಲಿಲ್ಲ. 2012ರಲ್ಲಿ ಕಂಡುಕೊಂಡ ಪರಿಹಾರವು ನನ್ನ ದೃಷ್ಟಿಯಲ್ಲಿ ಈ ಸಮಗ್ರ ವ್ಯವಸ್ಥೆಯಲ್ಲೇ ಅತ್ಯಂತ ವಿವೇಕದ್ದು: ತನಗೆ ಬೇಕಾದದ್ದು ಇನ್ನೂ ಸಿದ್ಧವಿಲ್ಲವೆಂದು ಡ್ರೈವರು ಹೇಳಿದರೆ, ಅದನ್ನು ದೋಷವೆಂದು ತಳ್ಳಿಹಾಕದೆ ಬೇರೊಂದು ಪಟ್ಟಿಯಲ್ಲಿ ಕಾಯ್ದಿರಿಸಿ, ಮತ್ತೊಂದು ಸಾಧನವು ಎದ್ದಾಗಲೆಲ್ಲ ಪುನಃ ಕರೆಯುವುದು. ಸರ್ವವನ್ನೂ ಮೊದಲೇ ಊಹಿಸಿ ಕಟ್ಟಿದ ಯಾವ ಸರದಿಯೂ ಇಷ್ಟು ಬಾಳುತ್ತಿರಲಿಲ್ಲ.

ಈ ವಿಚಾರಣೆಯ ದಿನಚರಿಯನ್ನು ಕರ್ನಲ್ ತನ್ನ ಮೆಮರಿಯಲ್ಲೇ ಬರೆದಿಟ್ಟಿರುತ್ತದೆ. ಲಿನಕ್ಸ್ ಇರುವ ಗಣಕವು ಕೈಗೆ ಸಿಕ್ಕಿದರೆ ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರಗಳ ಆಜ್ಞೆಯನ್ನು ಕೊಟ್ಟು ಓದಿರಿ. ಕೆಲವೆಡೆ ಅದಕ್ಕೆ ನಿರ್ವಾಹಕನ ಅಧಿಕಾರ ಬೇಕಾದೀತು. ಪ್ರತಿ ಸಾಲಿನ ಎಡಕ್ಕೂ, ಕರ್ನಲ್ ಎದ್ದಂದಿನಿಂದ ಸಂದ ಸೆಕೆಂಡುಗಳು ದಶಾಂಶ ಸಹಿತವಾಗಿ ಅಲ್ಲಿ ನಮೂದಾಗಿರುತ್ತವೆ.