ಓಟದ ಪಥದಿಂದ ಸಂಸತ್ತಿಗೆ: ಮಿಂಗ್ ಕ್ಯಾಂಪ್‌ಬೆಲ್

ವಾಲ್ಟರ್ ಮೆಂಜೀಸ್ ಕ್ಯಾಂಪ್‌ಬೆಲ್ 1941ರ ಮೇ 22ರಂದು ಗ್ಲಾಸ್ಗೋದಲ್ಲಿ ಹುಟ್ಟಿದರು. ಗೆಳೆಯರಿಗೂ ಪತ್ರಿಕೆಗಳಿಗೂ ಅವರು ಬರೀ ಮಿಂಗ್. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವಾಗ ಅವರ ಜೊತೆಗಿದ್ದ ಚರ್ಚಾಪಟುಗಳು ಸಾಮಾನ್ಯರಲ್ಲ. ಜಾನ್ ಸ್ಮಿತ್ ಮುಂದೆ ಲೇಬರ್ ಪಕ್ಷದ ನಾಯಕರಾದರು. ಡೊನಾಲ್ಡ್ ಡ್ಯೂವರ್ ಸ್ಕಾಟ್ಲೆಂಡ್ ಸರ್ಕಾರದ ಮೊದಲ ಮುಖ್ಯಸ್ಥರಾದರು. ಕ್ಯಾಂಪ್‌ಬೆಲ್ ಮಾತ್ರ ಲಿಬರಲ್ ಪಕ್ಷದಲ್ಲೇ ಉಳಿದರು.

ಆದರೆ ಮೊದಲು ಹೆಸರು ತಂದದ್ದು ಓಟ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು 200 ಮೀಟರ್ ಓಡಿದರು. 4x100 ಮೀಟರ್ ರಿಲೇಯಲ್ಲಿ ಅವರಿದ್ದ ಬ್ರಿಟನ್ ತಂಡ ಫೈನಲ್ ತಲುಪಿ ಎಂಟನೆಯದಾಯಿತು. ಅದೇ ಕೂಟದಲ್ಲಿ ಉದ್ದಜಿಗಿತದ ಚಿನ್ನ ಗೆದ್ದ ಲಿನ್ ಡೇವಿಸ್ ಕೂಡ ಆ ತಂಡದಲ್ಲಿದ್ದರು. ಅಂತರರಾಷ್ಟ್ರೀಯ ಕಾನೂನು ಓದಲು ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋದಾಗಲೂ ಓಟ ನಿಲ್ಲಲಿಲ್ಲ. 1967ರಲ್ಲಿ 100 ಮೀಟರನ್ನು 10.2 ಸೆಕೆಂಡಿನಲ್ಲಿ ಮುಗಿಸಿದ್ದು ಬ್ರಿಟನ್ನಿನ ದಾಖಲೆಯಾಗಿ 1974ರವರೆಗೆ ಉಳಿಯಿತು. ಮುಂದೆ ಫುಟ್‌ಬಾಲ್‌ಗೂ ಕೊಲೆ ಮೊಕದ್ದಮೆಗೂ ಹೆಸರಾದ ಒ. ಜೆ. ಸಿಂಪ್ಸನ್‌ರನ್ನು ಅವರು ಅಲ್ಲಿಯೇ ಓಟದಲ್ಲಿ ಹಿಂದಿಕ್ಕಿದ್ದರು.

1968ರಲ್ಲಿ ಎಡಿನ್‌ಬರೋದಲ್ಲಿ ವಕೀಲಿಕೆ ಶುರುವಾಯಿತು. 1982ರಲ್ಲಿ ಹಿರಿಯ ವಕೀಲರಿಗೆ ಸಲ್ಲುವ ಕ್ವೀನ್ಸ್ ಕೌನ್ಸೆಲ್ ಪದವಿ ಬಂತು. ಕೋರ್ಟಿನಲ್ಲಿ ಏಳಿಗೆ ಸಲೀಸಾಗಿದ್ದರೆ ಚುನಾವಣೆ ಸತಾಯಿಸಿತು. 1974ರಲ್ಲಿ ಎರಡು ಬಾರಿ, ಬಳಿಕ 1979 ಮತ್ತು 1983ರಲ್ಲಿ ಸೋಲು. 1987ರಲ್ಲಿ ನಾರ್ತ್ ಈಸ್ಟ್ ಫೈಫ್ ಒಲಿದು, 2015ರವರೆಗೆ ಕೈಬಿಡಲಿಲ್ಲ. ಸೇಂಟ್ ಆಂಡ್ರೂಸ್‌ನ ಗಾಲ್ಫ್ ಮೈದಾನಗಳೂ ಫಾಕ್‌ಲ್ಯಾಂಡ್ ಅರಮನೆಯಲ್ಲಿ 16ನೇ ಶತಮಾನದಲ್ಲಿ ಕಟ್ಟಿದ ಟೆನಿಸ್ ಅಂಗಳವೂ ಇರುವ ಸೀಮೆ ಅದು. ಕ್ರೀಡಾಪಟುವಿಗೆ ತಕ್ಕ ಕ್ಷೇತ್ರವೆನ್ನಬೇಕು.

ಸಂಸತ್ತಿನಲ್ಲಿ ಅವರ ತೂಕ ತಿಳಿದದ್ದು ವಿದೇಶಾಂಗ ವಿಷಯಗಳಲ್ಲಿ. 2002ರಲ್ಲಿ ಲಿಂಫೋಮಾ ಕ್ಯಾನ್ಸರ್ ಕಾಡಿತು. ಚಿಕಿತ್ಸೆಯ ನಡುವೆಯೂ ಅವರು, ಪಕ್ಷದ ನಾಯಕ ಚಾರ್ಲ್ಸ್ ಕೆನಡಿ ಜೊತೆ, ಇರಾಕ್ ಯುದ್ಧವನ್ನು ವಿರೋಧಿಸಿದರು. ಲೇಬರ್ ಸರ್ಕಾರವೂ ಕನ್ಸರ್ವೇಟಿವ್ ವಿರೋಧಪಕ್ಷವೂ ಯುದ್ಧದ ಪರವಿದ್ದಾಗ ಕಾನೂನಿನ ನೆಲೆಯಲ್ಲಿ ನಿಂತು ಬೇಡವೆಂದ ಆ ದಿನಗಳೇ ಅವರ ರಾಜಕೀಯದ ಎತ್ತರ.

ನಾಯಕತ್ವ ಬಂದದ್ದು ತಡವಾಗಿ. 2006ರ ಜನವರಿಯಲ್ಲಿ ಕೆನಡಿ ರಾಜೀನಾಮೆಯಿತ್ತಾಗ ಕ್ಯಾಂಪ್‌ಬೆಲ್ ಹಂಗಾಮಿ ನಾಯಕರಾದರು. ಪ್ರಧಾನಿಗೆ ಪ್ರಶ್ನೆ ಕೇಳುವ ಸರದಿ ಬಂದಾಗ, ಕಾಯಂ ಮುಖ್ಯೋಪಾಧ್ಯಾಯರಿಲ್ಲದ ಶಾಲೆಗಳ ಬಗ್ಗೆ ಕೇಳಿದರು. ಕಾಯಂ ನಾಯಕನಿಲ್ಲದ ಪಕ್ಷದವರು ಈ ಮಾತೆತ್ತಿದ್ದಕ್ಕೆ ಸಭೆಯೆಲ್ಲ ನಕ್ಕಿತು. ಮಾರ್ಚ್‌ನಲ್ಲಿ ಕ್ರಿಸ್ ಹ್ಯೂನ್ ಮತ್ತು ಸೈಮನ್ ಹ್ಯೂಸ್‌ರನ್ನು ಸೋಲಿಸಿ ಅಧಿಕೃತವಾಗಿ ಲಿಬರಲ್ ಡೆಮಾಕ್ರಟ್ ನಾಯಕರಾದ ಮೇಲೂ ವ್ಯಂಗ್ಯಚಿತ್ರಕಾರರು ಅವರ ವಯಸ್ಸನ್ನು ಬಿಡಲಿಲ್ಲ. ಆಗ ಅವರಿಗೆ 64, ಅಂಥ ಮುಪ್ಪೇನಲ್ಲ. 2007ರ ಅಕ್ಟೋಬರ್‌ನಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಅವಧಿಪೂರ್ವ ಚುನಾವಣೆ ಕೈಬಿಟ್ಟಾಗ, ಮುಂದಿನ ಚುನಾವಣೆಯ ಹೊತ್ತಿಗೆ ಅವರ ವಯಸ್ಸೆಷ್ಟು ಎಂಬ ಲೆಕ್ಕಾಚಾರ ಮತ್ತೆ ಎದ್ದಿತು. ಅದೇ ತಿಂಗಳ 15ರಂದು ಅವರು ಹುದ್ದೆ ಬಿಟ್ಟರು. ನಿಕ್ ಕ್ಲೆಗ್ ಆ ಸ್ಥಾನಕ್ಕೆ ಬಂದರು.

2006ರಲ್ಲಿ ಒಪ್ಪಿಕೊಂಡಿದ್ದ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಕುಲಾಧಿಪತಿ ಸ್ಥಾನ ಮಾತ್ರ ಕೊನೆಯವರೆಗೂ ಅವರದಾಗಿತ್ತು. 2015ರಲ್ಲಿ ಲಾರ್ಡ್ಸ್ ಸಭೆ ಸೇರಿದರು. 2025ರ ಸೆಪ್ಟೆಂಬರ್ 26ರಂದು, 84ನೇ ವಯಸ್ಸಿನಲ್ಲಿ ನಿಧನರಾದರು.