ಹೇಳಿದ ಮಾತು ಗುಟ್ಟಾಗಿ ಉಳಿಯುತ್ತಾ?

"ಅವರ ಹತ್ರ ಹೇಳ್ಕೊಂಡಿದ್ದು ಅತ್ತೆಗೆ ಗೊತ್ತಾದ್ರೆ?" ಮನಸ್ಸು ಸರಿಯಿಲ್ಲವೆಂದು ತಿಳಿದಿದ್ದೂ ಮನಶ್ಶಾಸ್ತ್ರಜ್ಞರ ಬಳಿ ಹೋಗಲು ಎಷ್ಟೋ ಗೃಹಿಣಿಯರು ಹಿಂಜರಿಯುವುದು ಈ ಭಯಕ್ಕೇ.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 23ನೇ ಕಲಂ ಪ್ರಕಾರ ಚಿಕಿತ್ಸೆ ನೀಡುವವರು ನಿಮ್ಮ ಮಾಹಿತಿಯನ್ನು ಗೋಪ್ಯವಾಗಿ ಇಡಲೇಬೇಕು. ಫೀಸು ಕೊಟ್ಟವರು ಗಂಡ ಎಂಬ ಕಾರಣಕ್ಕೆ ಎಲ್ಲವನ್ನೂ ಅವರಿಗೆ ಒಪ್ಪಿಸುವಂತಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ನಿಮ್ಮ 'ನಾಮನಿರ್ದೇಶಿತ ಪ್ರತಿನಿಧಿ'ಗೆ ಆರೈಕೆಗೆ ಬೇಕಾದಷ್ಟು ವಿಷಯ ತಿಳಿಸಬಹುದು. ಆ ಪ್ರತಿನಿಧಿ ಯಾರೆಂದು ನೀವು ಹೇಳದಿದ್ದರೆ ಸಂಬಂಧಿಕರೇ ಆ ಜಾಗಕ್ಕೆ ಬಂದುಬಿಡಬಹುದು! ತಾಯಿ, ಅಕ್ಕ, ನಂಬಿಕೆಯ ಗೆಳತಿ, ಹೀಗೆ 18 ತುಂಬಿದ ಯಾರನ್ನಾದರೂ ನೀವೇ ಆರಿಸಿಕೊಳ್ಳಿ. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಅವರ ಒಪ್ಪಿಗೆಯೂ ಬರಹದಲ್ಲಿರಲಿ.

ಗುಟ್ಟು ಬಿಟ್ಟುಕೊಡುವ ಸಂದರ್ಭಗಳೂ ಇವೆ. ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದರೆ, ನ್ಯಾಯಾಲಯ ಆದೇಶಿಸಿದರೆ ಹೇಳಬಹುದು, ಅದೂ ಅಗತ್ಯವಿದ್ದಷ್ಟೇ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿದರಂತೂ ಸುಮ್ಮನಿರುವಂತೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸದಿದ್ದರೆ ಅವರಿಗೇ 6 ತಿಂಗಳವರೆಗೆ ಜೈಲಾಗಬಹುದು. "ಯಾರಿಗೂ ಹೇಳ್ಬೇಡಿ ಮೇಡಂ" ಎಂದು ನೀವು ಅಂಗಲಾಚಿದರೂ ಅವರು ದೂರು ಕೊಡಲೇಬೇಕು, ತಪ್ಪು ತಿಳಿಯಬೇಡಿ.

ಇನ್ನೊಂದು ಮಾತು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿಕೊಂಡವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿರಬೇಕು. ಮೊದಲ ಭೇಟಿಯಲ್ಲೇ ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಕೇಳಿದ್ದಕ್ಕೇ ಸಿಡುಕುವವರಾದರೆ ಬೇರೆಯವರನ್ನು ನೋಡಿ.