ಕಾರಿನ ಕೀಲಿಯ ಹಿಂದಿನ ಸತ್ಯ ಹುಡುಕಿದ ನ್ಯಾಯವಾದಿ ಲ್ಯಾನ್ಸ್ ಕೂಪರ್

ರಸ್ತೆ ಅಪಘಾತದ ಸುದ್ದಿ ಬಂದೊಡನೆ ನಾವೆಲ್ಲ ಮೊದಲು ಕೇಳುವುದು, ‘ಗಾಡಿ ಓಡಿಸುತ್ತಿದ್ದವರು ಯಾರು?’ ಎಂದು. ಗಾಡಿಯದ್ದೇ ತಪ್ಪಿರಬಹುದೇ ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನೇ ತನ್ನ ವೃತ್ತಿಯಾಗಿಸಿಕೊಂಡವರು ಅಮೆರಿಕದ ಜಾರ್ಜಿಯಾ ರಾಜ್ಯದ ಮೇರಿಯೆಟ್ಟಾದ ನ್ಯಾಯವಾದಿ ಲ್ಯಾನ್ಸ್ ಕೂಪರ್.

2010ರ ಮಾರ್ಚ್ 10ರ ರಾತ್ರಿ ಜಾರ್ಜಿಯಾದಲ್ಲಿ ಮಳೆ. ನರ್ಸ್ ಆಗಿದ್ದ ತರುಣಿಯೊಬ್ಬಳು ತನ್ನ 29ನೇ ಹುಟ್ಟುಹಬ್ಬದ ದಿನವೇ 2005ರ ಮಾದರಿಯ ಷೆವ್ರೊಲೆ ಕೋಬಾಲ್ಟ್ ಕಾರಿನಲ್ಲಿ ಹೋಗುತ್ತಿದ್ದಳು. ಕಾರು ಹಿಡಿತ ತಪ್ಪಿ ಎದುರಿನಿಂದ ಬಂದ ವಾಹನಕ್ಕೆ ಸಿಕ್ಕಿ ಆಕೆ ಮೃತಪಟ್ಟಳು. ಒದ್ದೆ ರಸ್ತೆಯಲ್ಲಿ ಅತಿವೇಗವೇ ಕಾರಣವೆಂದು ಪೊಲೀಸರು ಭಾವಿಸಿದರು. ಆದರೆ ಹೆತ್ತವರಿಗೆ ಒಂದು ಸಂಗತಿ ಕಾಡುತ್ತಿತ್ತು. ಕೆಲವೇ ದಿನಗಳ ಹಿಂದೆ ಓಡುತ್ತಿದ್ದ ಕಾರು ತಾನಾಗಿಯೇ ಬಂದ್ ಆಗಿ, ಮಗಳು ಅದನ್ನು ದುರಸ್ತಿಗೆ ಕೊಟ್ಟು ತಂದಿದ್ದಳು. ಅವರು ಕೂಪರ್ ಅವರ ಬಾಗಿಲು ತಟ್ಟಿದರು.

ಕೂಪರ್ ಮೊದಲು ಕೈಹಾಕಿದ್ದು ಕಾರಿನೊಳಗಿನ ‘ಕಪ್ಪು ಪೆಟ್ಟಿಗೆ’ಗೆ. ಡಿಕ್ಕಿಗೆ ಕೆಲವೇ ಸೆಕೆಂಡುಗಳ ಮೊದಲು ಕೀಲಿ ಚಾಲನೆಯ ಸ್ಥಾನದಿಂದ ಜಾರಿತ್ತು ಎಂಬುದು ಅದರಲ್ಲಿ ದಾಖಲಾಗಿತ್ತು. ಕೀಲಿ ಹಾಗೆ ಜಾರಿದರೆ ಇಂಜಿನ್ ನಿಲ್ಲುತ್ತದೆ, ಪವರ್ ಸ್ಟೀರಿಂಗಿನ ನೆರವು ತಪ್ಪುತ್ತದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳದೆ ಹೋಗಬಹುದು.

ಸ್ವಿಚ್ ಪರೀಕ್ಷೆಗೆ ಕೂಪರ್ ನೇಮಿಸಿಕೊಂಡ ಇಂಜಿನಿಯರ್ ಮಾರ್ಕ್ ಹುಡ್, ಅಂಗಡಿಯಿಂದ ಅದೇ ನಂಬರಿನ ಹೊಸ ಇಗ್ನಿಶನ್ ಸ್ವಿಚ್ ತಂದು ಹಳೆಯದರ ಪಕ್ಕದಲ್ಲಿಟ್ಟು ಬಿಚ್ಚಿ ನೋಡಿದರು. ಹೊಸದರಲ್ಲಿ ಕೀಲಿಯನ್ನು ಹಿಡಿದಿಡುವ ಪುಟ್ಟ ಭಾಗ ಎರಡು ಮಿಲಿಮೀಟರಿಗೂ ಕಡಿಮೆ ಅಂತರದಷ್ಟು ಉದ್ದವಿತ್ತು! ಅಂದರೆ ಜನರಲ್ ಮೋಟಾರ್ಸ್ ಕಂಪೆನಿಯ ಕಾರುಗಳಲ್ಲಿ ದೋಷ ಸರಿಪಡಿಸಿದ ಸ್ವಿಚ್ ಬಂದಿತ್ತು, ಬಿಡಿಭಾಗದ ನಂಬರ್ ಮಾತ್ರ ಬದಲಾಗಿರಲಿಲ್ಲ. ಹಳೆಯ ಕಾರು ಓಡಿಸುವವರಿಗೆ ಈ ವಿಷಯ ತಿಳಿಯುವ ದಾರಿಯೇ ಇರಲಿಲ್ಲ.

2013ರ ಏಪ್ರಿಲಿನಲ್ಲಿ ಕೂಪರ್ ಆ ಸ್ವಿಚ್ಚಿನ ಹೊಣೆ ಹೊತ್ತಿದ್ದ ಇಂಜಿನಿಯರನ್ನು ಪ್ರಮಾಣದ ಮೇಲೆ ಪ್ರಶ್ನಿಸಿದರು. ಬದಲಾವಣೆಗೆ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅವರು ಹೇಳಿದರು. 2006ರಲ್ಲಿ ಅವರದೇ ಸಹಿ ಬಿದ್ದಿದ್ದ ಕಾಗದ ನಂತರ ಹೊರಬಂತು. ಅದೇ ವರ್ಷ ಪ್ರಕರಣ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಹಣ ಬಂದ ಮೇಲೆ ಫೈಲು ಕಟ್ಟಿಡುವುದು ಸುಲಭ. ಕೂಪರ್ ಹಾಗೆ ಮಾಡಲಿಲ್ಲ. 2014ರ ಫೆಬ್ರವರಿಯಲ್ಲಿ ಕಂಪೆನಿ ಕೆಲವು ಮಾದರಿಗಳನ್ನಷ್ಟೇ ದುರಸ್ತಿಗೆ ವಾಪಸು ಕರೆದಾಗ, ಇದು ಸಾಲದು, ತನಿಖೆ ನಡೆಸಿ ಎಂದು ಅಮೆರಿಕದ ರಸ್ತೆ ಸುರಕ್ಷಾ ಇಲಾಖೆಗೆ ಪತ್ರ ಬರೆದರು. ಕೆಲವೇ ದಿನಗಳಲ್ಲಿ ಪಟ್ಟಿ ವಿಸ್ತರಿಸಿತು. ಕೊನೆಗೆ ವಾಪಸು ಕರೆಯಲ್ಪಟ್ಟ ವಾಹನಗಳು ಸುಮಾರು 26 ಲಕ್ಷ. ಕಂಪೆನಿಯ ಪರಿಹಾರ ನಿಧಿ 124 ಸಾವುಗಳ ಅರ್ಜಿಗಳನ್ನು ಒಪ್ಪಿಕೊಂಡಿತು. 2015ರಲ್ಲಿ ಕಂಪೆನಿ ಅಮೆರಿಕ ಸರಕಾರಕ್ಕೆ 90 ಕೋಟಿ ಡಾಲರ್ ತೆರಲು ಒಪ್ಪಿತು. ಆ ಹೆತ್ತವರೂ ಸುಮ್ಮನಾಗಲಿಲ್ಲ. ಸತ್ಯ ಮುಚ್ಚಿಟ್ಟು ರಾಜಿ ಮಾಡಿಸಿದ್ದಾರೆಂದು ಮತ್ತೆ ದಾವೆ ಹೂಡಿದರು. 2015ರಲ್ಲಿ ಅದೂ ಇತ್ಯರ್ಥವಾಯಿತು. ಈ ಹೋರಾಟದ ಕಥೆಯನ್ನು ಕೂಪರ್ 2020ರಲ್ಲಿ ಪುಸ್ತಕವಾಗಿ ಹೊರತಂದಿದ್ದಾರೆ.

ಅಮೆರಿಕದಲ್ಲಿ ಇಂಥ ವಕೀಲರು ಸಾಮಾನ್ಯವಾಗಿ ಗೆದ್ದ ಮೊತ್ತದಲ್ಲಿ ಪಾಲು ಪಡೆಯುತ್ತಾರೆ, ಸೋತರೆ ಶುಲ್ಕವಿಲ್ಲ. ನಮ್ಮ ದೇಶದಲ್ಲಿ ಬಾರ್ ಕೌನ್ಸಿಲ್ ನಿಯಮ ಇದಕ್ಕೆ ಅವಕಾಶ ಕೊಡುವುದಿಲ್ಲ. ಹಾಗೆಂದು ನಮ್ಮ ಗ್ರಾಹಕ ನಿರಾಧಾರನೇನಲ್ಲ. 2017ರಲ್ಲಿ ದೆಹಲಿಯ ಗ್ರಾಹಕರೊಬ್ಬರ ಹ್ಯುಂಡೈ ಕ್ರೆಟಾ ಕಾರು ಅಪಘಾತಕ್ಕೀಡಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲ. ಡಿಕ್ಕಿಯ ರಭಸ ಲೆಕ್ಕಹಾಕಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನಲ್ಲ ಎಂದ ಸುಪ್ರೀಂ ಕೋರ್ಟ್, 2022ರ ಏಪ್ರಿಲಿನಲ್ಲಿ ಪರಿಹಾರದ ಆದೇಶವನ್ನು ಎತ್ತಿಹಿಡಿಯಿತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ಉತ್ಪನ್ನದ ಹೊಣೆಗೆಂದೇ ಒಂದು ಅಧ್ಯಾಯವಿದೆ. ಅದು 2020ರ ಜುಲೈಯಲ್ಲಿ ಜಾರಿಗೆ ಬಂತು. ಗಾಡಿ ಊರಿನಲ್ಲಿ ಕೊಂಡದ್ದಾದರೂ ಪರವಾಗಿಲ್ಲ, ತಾನು ವಾಸವಿರುವ ಅಥವಾ ದುಡಿಯುವ ಜಾಗದ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಹೊರನಾಡಿನಲ್ಲಿರುವ ನಮಗೆ ಇದು ದೊಡ್ಡ ಅನುಕೂಲ. ಅವಧಿ ಮಾತ್ರ ಎರಡು ವರ್ಷ. ದೋಷವಿರುವ ವಾಹನಗಳನ್ನು ವಾಪಸು ಕರೆಯುವಂತೆ ಕಂಪೆನಿಗಳಿಗೆ ಆದೇಶಿಸುವ ಅಧಿಕಾರ 2021ರ ಏಪ್ರಿಲಿನಿಂದ ಕೇಂದ್ರ ಸರಕಾರಕ್ಕಿದೆ.

ರಜೆ ಬಂತೆಂದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾತ್ರಿಯಿಡೀ ಊರ ದಾರಿ ಹಿಡಿಯುವವರು ನಮ್ಮಲ್ಲಿ ಅದೆಷ್ಟೋ ಮಂದಿ. ಓಡುವ ಗಾಡಿ ತಾನಾಗಿ ಬಂದ್ ಆದರೆ ಅದನ್ನು ಬರೆದುಕೊಟ್ಟು ಸರ್ವಿಸ್ ಸೆಂಟರಿನ ರಸೀದಿ ಪಡೆದಿಟ್ಟುಕೊಳ್ಳಿ. ದುರದೃಷ್ಟವಶಾತ್ ಅಪಘಾತವಾದರೆ ಗಾಡಿಯನ್ನು ಅವಸರದಲ್ಲಿ ಗುಜರಿಗೆ ಕೊಡಬೇಡಿ. ನಮ್ಮ ಸಂಘಗಳಲ್ಲಿ ನ್ಯಾಯವಾದಿ ಬಂಧುಗಳಿದ್ದಾರೆ. ಅವರಿಂದ ಈ ಬಗ್ಗೆ ಒಂದು ಮಾಹಿತಿ ಶಿಬಿರ ಏರ್ಪಡಿಸಿದರೂ ಉಪಕಾರವಾದೀತು. ಜಾರ್ಜಿಯಾದ ಆ ಹೆತ್ತವರಿಗೆ ಮಗಳು ಮರಳಿ ಸಿಗಲಿಲ್ಲ. ಆದರೆ ಅಪಘಾತ ಆಕೆಯ ತಪ್ಪಿನಿಂದಲ್ಲ ಎಂಬುದನ್ನು ಲೋಕಕ್ಕೆ ತಿಳಿಸಿದ್ದು ಜೋಪಾನವಾಗಿ ಉಳಿದಿದ್ದ ಆ ಪುಟ್ಟ ಸ್ವಿಚ್.